ಬಲಕ್ಕೆ ಬಾಗುವ ಚೆಂಡು

ಎಳ್ಳಮಾವಾಸ್ಯೆಯ ದಿನ ನಿರ್ಣಾ ಗ್ರಾಮದ ಹೊಲವೊಂದರಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿಗಳ ಊಟವನ್ನು ಮುಗಿಸಿ, ಎಲ್ಲರೂ ಜೋಳದ ಬೆಳೆಯ ಬದುವಿನ ಮೇಲೆ ವಿಶ್ರಮಿಸುತ್ತಿದ್ದಾಗ, ಹೈದರಾಬಾದಿನ ಗಾಲ್ಫ್ ಮೈದಾನವೊಂದರಲ್ಲಿ ಚೆಂಡು ಆಯುವ ಕೆಲಸಕ್ಕೆ ಸೇರಿ ಹಬ್ಬಕ್ಕೆಂದು ಊರಿಗೆ ಬಂದಿದ್ದ ತರುಣನೊಬ್ಬನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ನಿಮಿತ್ತವಾಯಿತು. “ಕಾಕಾ, ಗಾಳಿ ಇರಂಗಿಲ್ಲ, ಏನಿರಂಗಿಲ್ಲ, ಸಾಹೇಬರು ಡ್ರೈವರ್ ಬೀಸಿದರ ಚೆಂಡು ಮೊದಲು ಎಡಕ್ಕ ಹೋಗಿ ಆಮ್ಯಾಲ ಬಲಕ್ಕ ಹೊಳ್ಳತದ. ಅದಕ್ಕಂತ ಅವರು ಇನ್ನಷ್ಟು ಎಡಕ್ಕ ಗುರಿ ಹಿಡಿತಾರ, ಅದು ಇನ್ನಷ್ಟು ಬಲಕ್ಕ ಹೋಗತದ. ಹಿಂಗ್ಯಾಕ?”

ಡ್ರೈವರ್ ಎಂದರೆ ದೂರಕ್ಕೆ ಹೊಡೆಯಲು ಬಳಸುವ ಉದ್ದನೆಯ ಗಾಲ್ಫ್ ಕೋಲು. ಗಾಲ್ಫ್ ಆಡುವವರು ಈ ದೋಷವನ್ನು ‘ಸ್ಲೈಸ್’ ಎಂದು ಕರೆಯುವರು. ಬಲಗೈ ಆಟಗಾರರಲ್ಲಿ, ಅದರಲ್ಲಿಯೂ ಹೊಸಬರಲ್ಲಿ, ಇದಕ್ಕಿಂತ ವ್ಯಾಪಕವಾದ ದೋಷವು ಮತ್ತೊಂದಿಲ್ಲ. ಆದರೆ ನನ್ನನ್ನು ವಿಸ್ಮಯಗೊಳಿಸಿದುದು ಪ್ರಶ್ನೆಯ ಮೊದಲ ಭಾಗ. ಎಡಕ್ಕೆ ಹೊರಟ ವಸ್ತುವು ಬಲಕ್ಕೆ ಹೊರಳುವ ಈ ಸೋಜಿಗವನ್ನು ಹದಿನೆಂಟನೆಯ ಶತಮಾನದಲ್ಲಿ ಬುದ್ಧಿಪೂರ್ವಕವಾಗಿ ನಿರ್ಮಿಸಿ ತೋರಿಸಿದ ಮಹನೀಯನೊಬ್ಬನಿದ್ದನು. ಅವನು ಕೊನೆಯುಸಿರೆಳೆದುದು ನಮ್ಮ ದಕ್ಷಿಣದ ನೆಲದಲ್ಲಿಯೇ.

ಅವನೇ ಬೆಂಜಮಿನ್ ರಾಬಿನ್ಸ್. 1742ರಲ್ಲಿ ತೋಪುವಿದ್ಯೆಯ ನೂತನ ತತ್ತ್ವಗಳನ್ನು ಕುರಿತು ಗ್ರಂಥವನ್ನು ರಚಿಸಿದ ಈ ಆಂಗ್ಲ ಗಣಿತಜ್ಞನು, ಬಂದೂಕಿನ ಗುಂಡುಗಳು ಗುರಿಯಿಂದ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಸರಿಯುವುದಕ್ಕೆ ಅವುಗಳ ಭ್ರಮಣವೇ ಕಾರಣವೆಂದು ಊಹಿಸಿ, ಆ ಊಹೆಯನ್ನು ಪರೀಕ್ಷಿಸಲು ಬಂದೂಕಿನ ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿದನು. ಬಾಗಿದ ನಳಿಗೆಯೊಳಗೆ ಗುಂಡು ಬಲಗೋಡೆಗೆ ಉಜ್ಜುತ್ತ ಉರುಳಿ ಬರುವುದರಿಂದ, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಅದು ತಿರುಗತೊಡಗುವುದು. ಸಾಮಾನ್ಯರು ಆ ಗುಂಡು ಎಡಕ್ಕೇ ಹೋಗುವುದೆಂದು ನಂಬುವರಷ್ಟೆ. ಆದರೆ ಹಾದಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ತೆಳುಗಾಗದದ ಪರದೆಗಳ ರಂಧ್ರಗಳು, ಗುಂಡು ಮೊದಲು ಎಡಕ್ಕೆ ಹೊರಟು ಅನಂತರ ಬಲಕ್ಕೆ ಬಾಗಿದುದನ್ನು ನಿಸ್ಸಂದೇಹವಾಗಿ ಸಾರಿದವು. ನಿರ್ಣಾದ ತರುಣನು ಕಂಡುದು ಇದನ್ನೇ ಅಲ್ಲವೆ?

ರಾಬಿನ್ಸನ ಮತ್ತೊಂದು ಪ್ರಯೋಗವನ್ನು ಓದುಗರು ಮನೆಯಲ್ಲಿಯೇ ಮಾಡಬಹುದು. ಜೋಡಿ ದಾರಕ್ಕೆ ಮರದ ಚೆಂಡೊಂದನ್ನು ತೂಗುಹಾಕಿ, ದಾರವನ್ನು ಚೆನ್ನಾಗಿ ಹುರಿಗೊಳಿಸಿ, ತೊಟ್ಟಿಲಿನಂತೆ ತೂಗಬಿಟ್ಟರೆ, ಹುರಿ ಬಿಚ್ಚಿಕೊಳ್ಳುತ್ತ ಗಿರಗಿರನೆ ತಿರುಗುವ ಚೆಂಡು ತನ್ನ ನೇರ ತೂಗಾಟವನ್ನು ಬಿಟ್ಟು ಒಂದು ಮಗ್ಗುಲಿಗೆ ಸರಿಯತೊಡಗುವುದು. ಇಷ್ಟು ಸರಳವಾಗಿ ಇಷ್ಟು ಗಹನವಾದ ತತ್ತ್ವವನ್ನು ತೋರಿಸಿದವನನ್ನು ಆಯ್ಲರನಂಥ ಗಣಿತಸಾರ್ವಭೌಮನೂ ಒಪ್ಪಲಿಲ್ಲ. 1745ರಲ್ಲಿ ಆ ಗ್ರಂಥವನ್ನು ಜರ್ಮನ್ ಭಾಷೆಗೆ ತಂದ ಆಯ್ಲರನು ಗುಂಡಿನ ಆಕಾರದ ದೋಷವೇ ಬಾಗುವಿಕೆಗೆ ಕಾರಣವೆಂದು ಟಿಪ್ಪಣಿ ಬರೆದನು. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸಲು ಭಾರತಕ್ಕೆ ಬಂದ ರಾಬಿನ್ಸನು 1751ರಲ್ಲಿ ಕಡಲೂರಿನ ಸಮೀಪದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಶತಮಾನವೊಂದು ಕಳೆದಮೇಲೆ, 1852ರ ಸುಮಾರಿಗೆ, ಬರ್ಲಿನ್ನಿನ ಭೌತವಿಜ್ಞಾನಿ ಮ್ಯಾಗ್ನಸನು ಇದನ್ನು ಪುನಃ ಪರಿಶೀಲಿಸಲಾಗಿ ‘ಮ್ಯಾಗ್ನಸ್ ಪರಿಣಾಮ’ವೆಂಬ ಹೆಸರು ನೆಲೆನಿಂತಿತು. ರಾಬಿನ್ಸನ ಹೆಸರೇ ಇದಕ್ಕೆ ಸಲ್ಲಬೇಕಾಗಿತ್ತೆಂದು ನನ್ನ ದೃಢವಾದ ಅಭಿಪ್ರಾಯ.

ಈ ಪರಿಣಾಮದ ಕಾರಣವಿಷ್ಟೆ: ತಿರುಗುವ ಚೆಂಡು ತನ್ನ ಮೈಗಂಟಿದ ವಾಯುವನ್ನು ತನ್ನೊಡನೆ ಎಳೆದುಕೊಳ್ಳುವುದು. ಬಲಮಗ್ಗುಲು ಹಿಂದಕ್ಕೆ ತಿರುಗುತ್ತಿದ್ದರೆ, ಎದುರಿನಿಂದ ಬಂದ ಗಾಳಿಯು ಆ ಮಗ್ಗುಲನ್ನು ಹೆಚ್ಚು ಹೊತ್ತು ತಬ್ಬಿ ಸಾಗಿ, ಚೆಂಡಿನ ಹಿಂದೆ ಎಡಕ್ಕೆ ತಳ್ಳಲ್ಪಡುವುದು. ಗಾಳಿ ಎಡಕ್ಕೆ ಹೋದರೆ ಚೆಂಡು ಬಲಕ್ಕೆ ಹೋಗಲೇಬೇಕು. ಕ್ರಿಕೆಟಿಗ ಪ್ರಸನ್ನರ ಆಫ್‌ಸ್ಪಿನ್ ಚೆಂಡು ನೆಲಕ್ಕೆ ಬೀಳುವ ಮುನ್ನವೇ ಗಾಳಿಯಲ್ಲಿ ತೇಲಿ ದಾಂಡಿಗನನ್ನು ವಂಚಿಸುತ್ತಿದ್ದುದರಲ್ಲಿಯೂ ಈ ಬಲದ ಪಾತ್ರವುಂಟು.

ಹಾಗಾದರೆ ಡ್ರೈವರಿನಿಂದ ಹೊಡೆದ ಚೆಂಡಿಗೆ ಈ ಭ್ರಮಣವನ್ನು ಕೊಡುವವರಾರು? ಆ ತರುಣನಿಗೆ ನಾನು ಬದುವಿನ ಮೇಲೆ ಬಿದ್ದಿದ್ದ ಕುಡಗೋಲನ್ನು ತೋರಿಸಿದೆನು. ಮೇವು ಕೊಯ್ಯುವವನು ಕುಡಗೋಲನ್ನು ಹೊರಕ್ಕೆ ಚಾಚಿ ತನ್ನ ಮೈಯ ಕಡೆಗೆ ಸೆಳೆದುಕೊಳ್ಳುವನು. ಸ್ಲೈಸ್ ಮಾಡುವವನ ಡ್ರೈವರಿನ ಹಾದಿಯೂ ಹೀಗೆಯೇ, ಹೊರಗಿನಿಂದ ಒಳಕ್ಕೆ, ಎಡಕ್ಕೆ ಕೊಯ್ದುಕೊಂಡು ಹೋಗುವುದು. ಆದರೆ ಡ್ರೈವರಿನ ತಲೆಯ, ಚೆಂಡಿಗೆ ತಾಗುವ ಮುಖವು ಆ ಹಾದಿಗಿಂತ ಬಲಕ್ಕೆ ತೆರೆದಿರುವುದು. ಚೆಂಡಿಗೂ ಆ ಮುಖಕ್ಕೂ ಸ್ಪರ್ಶವಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಕಾಲ ಮಾತ್ರ. ಅಷ್ಟರಲ್ಲಿಯೇ ಮುಖವು ಚೆಂಡಿನ ಬೆನ್ನನ್ನು ಎಡಕ್ಕೆ ಒರೆಸಿಕೊಂಡು ಹೋಗುವುದು.

ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಡ್ರೈವರಿನ ಮುಖ. ಚೆಂಡು ಬಾಗುವುದನ್ನು ನಿರ್ಧರಿಸುವುದು ಮುಖಕ್ಕೂ ಹಾದಿಗೂ ನಡುವಣ ಕೋನ. ಹಾದಿಯೇ ಚೆಂಡಿನ ಮೊದಲ ದಿಕ್ಕೆಂದು ಬಹುಕಾಲ ಬೋಧಿಸುತ್ತಿದ್ದ ಗುರುಗಳ ಮಾತು ಸರಿಯಲ್ಲವೆಂಬುದನ್ನು ಈಚಿನ ರೇಡಾರ್ ಮಾಪನಗಳು ಎಲ್ಲರಿಗೂ ಸ್ಪಷ್ಟಪಡಿಸಿವೆ. ಇದರಲ್ಲಿ ಡ್ರೈವರಿಗೇ ವಿಶೇಷ ಶಿಕ್ಷೆ. ‘ವೆಡ್ಜ್’ ಎಂಬ ಕುಳ್ಳಾದ ಕೋಲಿನ ಮುಖವು ಬಹಳ ಹಿಂದಕ್ಕೆ ವಾಲಿರುವುದರಿಂದ ಹಿಂದುರುಳುವ ಭ್ರಮಣವೇ ಪ್ರಬಲವಾಗಿ, ಪಕ್ಕದ ತಿರುವು ಅದರಲ್ಲಿ ಅಡಗಿಹೋಗುವುದು. ಡ್ರೈವರಿನ ಮುಖದ ಓರೆಯಾದರೋ ಕೇವಲ 8ರಿಂದ 12 ಡಿಗ್ರಿ. ಆದುದರಿಂದ ಮುಖಕ್ಕೂ ಹಾದಿಗೂ 4 ಡಿಗ್ರಿಯ ಅಂತರ ಬಂದರೆ ಸಾಕು, ಚೆಂಡಿನ ಭ್ರಮಣಾಕ್ಷವು 15 ಡಿಗ್ರಿಗೂ ಮೀರಿ ವಾಲಿ, 200 ಮೀಟರಿನ ಹೊಡೆತದಲ್ಲಿ ಚೆಂಡು ಸುಮಾರು 20 ಮೀಟರು ಸರಿದುಬಿಡಬಹುದು. ಎಡಕ್ಕೆ ಗುರಿಹಿಡಿದ ಸಾಹೇಬರು ಹಾದಿಯನ್ನು ಇನ್ನಷ್ಟು ಎಡಕ್ಕೆ ತಿರುಗಿಸಿ, ಮುಖವನ್ನು ಇದ್ದಲ್ಲಿಯೇ ಬಿಟ್ಟು, ಆ ಕೋನವನ್ನೇ ಹಿಗ್ಗಿಸಿಕೊಂಡಿರುವರು.

ಆದುದರಿಂದ ಪರಿಹಾರವು ಮುಖದಿಂದಲೇ ಆರಂಭವಾಗಬೇಕೆಂದು ನಾನು ಹೇಳುವೆನು. ಕೆಳಗೆ ನೋಡಿದಾಗ ಎಡಗೈಯ ಎರಡು ಮೂರು ಬೆರಳಗೆಣ್ಣುಗಳು ಕಾಣುವಂತೆ ಎರಡೂ ಕೈಗಳ ಹಿಡಿತವನ್ನು ಬಲಕ್ಕೆ ತುಸು ಹೊರಳಿಸಿ, ಹಿಡಿಯನ್ನು ಹಿಸುಕದೆ ಹಗುರವಾಗಿ ಹಿಡಿದರೆ, ಮುಖವು ತಾನಾಗಿ ಮುಚ್ಚಿಕೊಂಡು ಬರುವುದು. ಆಗ ಕೆಲವು ಚೆಂಡುಗಳು ನೆಟ್ಟಗೆ ಎಡಕ್ಕೆ ಹೋಗುವುವು, ಅಂಜಬೇಕಾಗಿಲ್ಲ. ಎಡಕ್ಕೆ ಹೋದ ಚೆಂಡನ್ನು ಕಂಡ ದೇಹವು ಎಡಕ್ಕೆ ಬೀಸುವುದನ್ನು ಮೆಲ್ಲನೆ ತಾನೇ ತೊರೆಯುವುದು. ಮುಖವನ್ನು ತೆರೆದೇ ಬಿಟ್ಟು ಹಾದಿಯೊಂದನ್ನೇ ತಿದ್ದಿದವನ ಚೆಂಡು ಆರಂಭದಿಂದಲೇ ಬಲಕ್ಕೆ ಹೊರಡುವುದಲ್ಲದೆ ಬೇರೇನೂ ಆಗದು. ಬಳಿಕ ಚೆಂಡನ್ನು ಎಡಹಿಮ್ಮಡಿಯ ನೇರಕ್ಕೆ ಇಟ್ಟು, ಭುಜಗಳನ್ನು ಗುರಿರೇಖೆಗೆ ಸಮಾಂತರವಾಗಿಸಿ, ಚೆಂಡಿನ ಆಚೆ ತುಸು ಹಿಂದಕ್ಕೆ ಖಾಲಿ ರಟ್ಟಿನ ಡಬ್ಬಿಯೊಂದನ್ನು ಇಟ್ಟರೆ, ಕುಡಗೋಲಿನ ಹಾದಿಯಲ್ಲಿ ಬಂದ ಡ್ರೈವರ್ ಅದಕ್ಕೆ ತಾಗಿ ತಪ್ಪನ್ನು ಕೂಡಲೇ ತಿಳಿಸುವುದು.

ಈ ಶ್ರಮವಿಲ್ಲದೆ ಗುಣಪಡಿಸುವೆವೆಂಬ ಜಾಹೀರಾತುಗಳಿಗೆ ಕೊರತೆಯಿಲ್ಲ. 1970ರ ದಶಕದಲ್ಲಿ ಹೋಮ್‌ಸ್ಟ್ರಮ್ ಮತ್ತು ನೆಪೆಲಾ ಎಂಬಿಬ್ಬರು ಅಮೆರಿಕನ್ನರು, ಮೈಮೇಲಿನ ಕುಳಿಗಳನ್ನು ಅಸಮವಾಗಿ ಹರಡಿದ ‘ಪೊಲಾರಾ’ ಎಂಬ ಚೆಂಡನ್ನು ರಚಿಸಿದರು. ಅದು ನಿಜವಾಗಿಯೂ ಕಡಿಮೆ ಬಾಗುತ್ತಿತ್ತು. ಭೌತವಿಜ್ಞಾನದ ದೃಷ್ಟಿಯಿಂದ ಮೆಚ್ಚತಕ್ಕ ಕೃತಿಯೇ. ಆದರೆ ಅಮೆರಿಕದ ಗಾಲ್ಫ್ ಸಂಸ್ಥೆಯು ಚೆಂಡು ಸಮರೂಪವಾಗಿರಬೇಕೆಂಬ ನಿಯಮವನ್ನು ತಂದು ಅದನ್ನು ಸ್ಪರ್ಧೆಗಳಿಂದ ದೂರವಿಟ್ಟಿತು. ಅಂಥ ಚೆಂಡು ಬಾಗದಿದ್ದರೂ ಹೊಡೆದವನ ಕೈ ತಿದ್ದಲ್ಪಡುವುದಿಲ್ಲ.

ಅದಕ್ಕಿಂತ ಒಂದು ಸೀಮೆಸುಣ್ಣದ ತುಂಡು ಹೆಚ್ಚಿನ ಉಪಕಾರಿ. ಡ್ರೈವರಿನ ಮುಖಕ್ಕೆ ಅದನ್ನು ತೀಡಿ ಹೊಡೆದರೆ ಚೆಂಡು ತಾಗಿದ ಜಾಗವು ಅಚ್ಚೊತ್ತಿದಂತೆ ಕಾಣುವುದು. ಗುರುತು ಮುಖದ ನಡುವಿನಲ್ಲಿರದೆ ಕೋಲಿನ ಬುಡದ ಕಡೆಗೆ ಬಿದ್ದಿದ್ದರೆ, ಡ್ರೈವರಿನ ತಲೆಯು ಆ ತಾಕಿಗೆ ಹೊರಳಿ, ಹಲ್ಲುಚಕ್ರವೊಂದು ಮತ್ತೊಂದನ್ನು ತಿರುಗಿಸುವಂತೆ ಚೆಂಡಿಗೆ ಬಲಕ್ಕೆ ಬಾಗಿಸುವ ತಿರುವನ್ನು ಕೊಟ್ಟಿರುವುದು; ಅಂಥವರು ಹಿಡಿತವನ್ನು ತಿದ್ದುವುದಕ್ಕೂ ಮೊದಲು ಚೆಂಡಿನಿಂದ ಅರ್ಧ ಅಂಗುಲ ಹಿಂದೆ ಸರಿದು ನಿಲ್ಲಬೇಕೆಂದು ಆ ತರುಣನಿಗೆ ಹೇಳಿಕಳುಹಿಸಿದೆನು.