ಅಂಡಮಾನ್‌ಗೆ ಮನೆ ಬದಲಿಸಿದ ಮಾತ್ರಕ್ಕೆ ಒಳ್ಳೆಯ ಸ್ಕೂಬಾ ಡೈವಿಂಗ್ ಸಿಗುತ್ತಾ? ಮೊದಲು ಇದನ್ನು ತಿಳಿಯಿರಿ

ಹೈದರಾಬಾದ್‌ನ ಅಬಿಡ್ಸ್‌ನಿಂದ ಸಮುದ್ರಕ್ಕೆ ನೂರಾರು ಕಿಲೋಮೀಟರ್. ಅಲ್ಲಿಂದ ಅಂಡಮಾನ್‌ಗೆ ವರ್ಗವಾದರೆ ಸ್ಕೂಬಾ ಡೈವಿಂಗ್ ಮನೆ ಬಾಗಿಲಿಗೇ ಬಂತು ಎನಿಸುವುದು ಸಹಜ. ಆದರೆ ಸುತ್ತಲೂ ನೀರಿದ್ದರೂ ಎಲ್ಲ ಕಡೆ ಒಳಗೆ ಕಣ್ಣು ಕಾಣಿಸದು.

ಬಂದರು, ತೊರೆಗಳ ಬಳಿ ಕೆಸರು. ಕೆಲವೆಡೆ ಮೊಸಳೆಗಳೂ ಇವೆ. ಹಾಗಾಗಿ ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಶ್ರೀ ವಿಜಯಪುರಂ) ನೆಲೆಸಿದವರೂ ಹವಳ ನೋಡಲು ಹಡಗು ಹತ್ತಿ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್ಲಾಕ್‌ಗೆ ಹೋಗುತ್ತಾರೆ. ಮಳೆಗಾಲದಲ್ಲಿ ಅದೂ ಕಷ್ಟ.

ಕರ್ನಾಟಕದ ಮುರುಡೇಶ್ವರದಲ್ಲೂ ಇದೇ ಕಥೆ. ದಡದ ನೀರು ಕಲಕಿದ್ದರೂ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ಬಳಿ ತಿಳಿಯಾಗಿರುತ್ತದೆ. ಹೊರಡುವ ಮೊದಲು ಅಲ್ಲೊಮ್ಮೆ ಮುಳುಗಿದರೆ, ಒತ್ತಡವನ್ನು ಕಿವಿ ತಾಳುತ್ತದೆಯೇ ಎಂಬುದು ಗೊತ್ತಾಗುತ್ತದೆ.

ಎಲ್ಲಿ ಕಲಿಯಬೇಕೆಂದು ರಿಯಾಯಿತಿ ನೋಡಿ ನಿರ್ಧರಿಸಬೇಡಿ. ಒಬ್ಬ ತರಬೇತುದಾರನಿಗೆ ಎಷ್ಟು ಜನ, ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ ಎಂದು ಕೇಳಿ. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರ ಸಹವಾಸವೇ ಬೇಡ. ಆಸ್ತಮಾ ಇದ್ದರೆ ವೈದ್ಯರನ್ನು ಕಾಣಿ.

ನೀರಿನಿಂದ ಮೇಲೇಳುವಾಗ ಉಸಿರು ಬಿಗಿಹಿಡಿಯಲೇಬಾರದು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಹಲವು ಬಾರಿ ಮುಳುಗಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬೇಡಿ: ರಕ್ತದಲ್ಲಿ ಉಳಿದ ಸಾರಜನಕ ಎತ್ತರದಲ್ಲಿ ಗುಳ್ಳೆಯಾಗಬಹುದು. ಹಬ್ಬಕ್ಕೆ ಊರಿಗೆ ಹೊರಡುವವರು ಹಿಂದಿನ ದಿನವನ್ನು ದಡದಲ್ಲೇ ಕಳೆಯಲಿ.