ಬ್ಯಾಟರಿ ವೈರ್ ಬಿಚ್ಚಿದರೆ ಇಂಜಿನ್ ಲೈಟ್ ಆರುತ್ತದೆ, ತೊಂದರೆಯೂ ಹೋಗುತ್ತದೆಯೇ?

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೊರಟಿದ್ದೀರಿ ಎಂದುಕೊಳ್ಳಿ. ಭತ್ತದ ಕೊಯ್ಲಿನ ಕಾಲ, ರಸ್ತೆ ತುಂಬ ಧೂಳು. ಅರ್ಧ ದಾರಿಯಲ್ಲಿ ಸ್ಪೀಡೋಮೀಟರ್ ಪಕ್ಕ ಇಂಜಿನ್ ಆಕಾರದ ಹಳದಿ ಲೈಟ್ ಹತ್ತಿಕೊಳ್ಳುತ್ತದೆ. ಪಿಕಪ್ ಸ್ವಲ್ಪ ಕಡಿಮೆಯಾದಂತೆ ಅನಿಸುತ್ತದೆ. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಪಕ್ಕದಲ್ಲಿದ್ದವರು ಹೇಳುತ್ತಾರೆ: "ಬ್ಯಾಟರಿ ವೈರ್ ಬಿಚ್ಚಿ ಹತ್ತು ನಿಮಿಷ ಬಿಡ್ರಿ, ರೀಸೆಟ್ ಆಗ್ತದ." ಹಾಗೆ ಮಾಡಿದರೆ ಎಷ್ಟೋ ಕಾರುಗಳಲ್ಲಿ ಲೈಟ್ ನಿಜಕ್ಕೂ ಆರುತ್ತದೆ. ಒಂದೆರಡು ದಿನ ಬಿಟ್ಟು ಮತ್ತೆ ಹತ್ತುತ್ತದೆ.

ಈ ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಮಾಡುವ ಹೊತ್ತು ತಪ್ಪಿದರೆ ನಷ್ಟವೇ ಹೆಚ್ಚು. ಏಕೆಂದು ತಿಳಿಯಲು ಇಂಜಿನ್ನಿನ ಕಂಪ್ಯೂಟರ್, ಅಂದರೆ ಮೆಕ್ಯಾನಿಕ್‌ಗಳು ಇಸಿಯು ಅಥವಾ ಇಸಿಎಂ ಎನ್ನುವ ಪೆಟ್ಟಿಗೆ, ಏನು ಮಾಡುತ್ತಿರುತ್ತದೆ ಎಂದು ನೋಡಬೇಕು.

ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಒಳಗೆ ಹೋಗುವ ಗಾಳಿ ಎಷ್ಟು ಎಂದು ಒಂದು ಸೆನ್ಸರ್ ಹೇಳುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಸಿಂಪಡಿಸುತ್ತದೆ. ಉರಿದ ಮೇಲೆ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ತಿಳಿಸುತ್ತದೆ. ಹೆಚ್ಚು ಉಳಿದಿದ್ದರೆ ಪೆಟ್ರೋಲ್ ಕಡಿಮೆ ಬಿದ್ದಿದೆ ಎಂದರ್ಥ, ಕಂಪ್ಯೂಟರ್ ಇನ್ನಷ್ಟು ಹಾಕುತ್ತದೆ. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲಿ ಮೊದಲ ಬಾರಿಗೆ ವೋಲ್ವೋ ಕಾರುಗಳಲ್ಲಿ ಬಂತು.

ಈಗ ಧೂಳಿನ ಕಥೆಗೆ ಬರೋಣ. ಏರ್ ಫಿಲ್ಟರ್ ಹಳೆಯದಾಗಿ ನುಣ್ಣನೆಯ ಧೂಳು ಒಳಗೆ ನುಗ್ಗಿದರೆ, ಗಾಳಿ ಅಳೆಯುವ ಸೆನ್ಸರಿನ ಬಿಸಿ ತಂತಿಯ ಮೇಲೆ ಅದು ಪದರ ಕಟ್ಟುತ್ತದೆ. (ಎಲ್ಲ ಕಾರುಗಳಲ್ಲಿ ಈ ಬಗೆಯ ಸೆನ್ಸರ್ ಇರುವುದಿಲ್ಲ. ಹಲವು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ.) ಹತ್ತು ಗ್ರಾಂ ಗಾಳಿ ಹೋದರೂ ಅದು ಒಂಬತ್ತೇ ಎನ್ನುತ್ತದೆ. ಒಂಬತ್ತಕ್ಕೆ ತಕ್ಕಷ್ಟು ಪೆಟ್ರೋಲ್ ಬೀಳುತ್ತದೆ. ಆಕ್ಸಿಜನ್ ಸೆನ್ಸರ್ "ಸಾಲದು" ಎಂದು ದೂರು ಕೊಡುತ್ತದೆ. ಇದು ದಿನವೂ ನಡೆದರೆ ಕಂಪ್ಯೂಟರ್ ಒಂದು ಪಾಠ ಕಲಿಯುತ್ತದೆ: ಈ ಗಾಡಿಗೆ ಯಾವಾಗಲೂ ನೂರಕ್ಕೆ ಹನ್ನೊಂದು ಪಾಲಿನಷ್ಟು ಹೆಚ್ಚು ಹಾಕಬೇಕು. ತಿದ್ದುಪಡಿ ಮಿತಿ ಮೀರಿದಾಗ ಲೈಟ್ ಹತ್ತಿಸಿ, ಪಿ 0171 ಎಂಬಂಥ ಒಂದು ಕೋಡ್ ಬರೆದಿಡುತ್ತದೆ. ಜೊತೆಗೆ ಆ ಗಳಿಗೆಯಲ್ಲಿ ಗಾಡಿಯ ವೇಗ, ಇಂಜಿನ್ನಿನ ಬಿಸಿ, ಆರ್‌ಪಿಎಂ ಎಷ್ಟಿದ್ದವು ಎಂಬುದನ್ನೂ ಫೋಟೋ ತೆಗೆದಂತೆ ಉಳಿಸಿಕೊಳ್ಳುತ್ತದೆ.

ಮಸ್ಕಿಯಲ್ಲಿ ಬ್ಯಾಟರಿ ವೈರ್ ಬಿಚ್ಚಿದಾಗ ಹೋಗುವುದು ಇದೇ. ಸೆನ್ಸರಿನ ಮೇಲಿನ ಧೂಳು ಇದ್ದಲ್ಲೇ ಇದೆ. ಲಿಂಗಸುಗೂರಿನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರೆ "ಏನೂ ತೋರಿಸ್ತಿಲ್ಲ" ಎನ್ನುತ್ತಾರೆ. ತಪ್ಪು ಅವರದಲ್ಲ, ಕುರುಹನ್ನು ನಾವೇ ಅಳಿಸಿಕೊಂಡು ಹೋಗಿರುತ್ತೇವೆ. ಅಂದಾಜಿನ ಮೇಲೆ ಒಂದಾದ ಮೇಲೊಂದು ಸೆನ್ಸರ್ ಬದಲಿಸುವ ಖರ್ಚು ಶುರುವಾಗುವುದು ಇಲ್ಲಿಂದಲೇ.

ಕೋಡ್ ಓದುವಾಗಲೂ ಒಂದು ಎಚ್ಚರ ಬೇಕು. ಪಿ 0171 ಅಂದರೆ "ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ" ಎಂದಷ್ಟೇ ಅರ್ಥ, "ಆಕ್ಸಿಜನ್ ಸೆನ್ಸರ್ ಕೆಟ್ಟಿದೆ" ಎಂದಲ್ಲ. ರಬ್ಬರ್ ಪೈಪ್ ಸೀಳಿ ಗಾಳಿ ಸೋರಿದರೂ, ಪೆಟ್ರೋಲ್ ಪಂಪ್ ಸೋತರೂ, ಗಾಳಿ ಸೆನ್ಸರಿಗೆ ಧೂಳು ಹತ್ತಿದರೂ ಅದೇ ಕೋಡ್ ಬರಬಹುದು. ಪಿ 0135 ಬಂದರೆ ಮಾತ್ರ ಬೆರಳು ಆಕ್ಸಿಜನ್ ಸೆನ್ಸರಿನ ಹೀಟರ್ ಕಡೆ ನೇರವಾಗಿ ತೋರುತ್ತದೆ, ಅಲ್ಲಿಯೂ ಮೊದಲು ವೈರ್, ಫ್ಯೂಸ್ ನೋಡಬೇಕು. ಕೋಡ್ ಬಂದ ತಕ್ಷಣ ಸೆನ್ಸರ್ ಬದಲಿಸುವುದು, ಜ್ವರ ಬಂತೆಂದು ಥರ್ಮಾಮೀಟರ್ ಬದಲಿಸಿದ ಹಾಗೆ ಆದೀತು.

ಸರಿ, ಪರೀಕ್ಷಿಸಿ, ಕೆಟ್ಟ ಸೆನ್ಸರನ್ನೇ ಹಿಡಿದು ಬದಲಿಸಿದ್ದಾಯಿತು. ಈಗ ರೀಸೆಟ್ ಬೇಕೇ?

ಬೇಕೇ ಬೇಕು ಎಂದೇನಿಲ್ಲ, ಮಾಡಿದರೆ ಒಳ್ಳೆಯದು. ಹೊಸ ಸೆನ್ಸರ್ ಈಗ ಹತ್ತು ಗ್ರಾಂ ಗಾಳಿಯನ್ನು ಹತ್ತು ಎಂದೇ ಹೇಳುತ್ತದೆ. ಕಂಪ್ಯೂಟರ್ ಮಾತ್ರ ಹಳೆಯ ಪಾಠದಂತೆ ಹೆಚ್ಚುವರಿ ಪೆಟ್ರೋಲ್ ಸೇರಿಸುತ್ತಲೇ ಇರುತ್ತದೆ. ಇಂಜಿನ್ ಬಿಸಿಯಾಗಿ ಆಕ್ಸಿಜನ್ ಸೆನ್ಸರ್ ಕೆಲಸ ಶುರು ಮಾಡಿದ ಮೇಲೆ ಅದು ತಾನಾಗಿ ತಿದ್ದಿಕೊಳ್ಳುತ್ತದೆ. ಆದರೆ ಆ ಸೆನ್ಸರ್ 300 ಡಿಗ್ರಿಗಿಂತ ಹೆಚ್ಚು ಕಾಯುವವರೆಗೆ ಸರಿಯಾಗಿ ಮಾತಾಡುವುದಿಲ್ಲ. ಬೆಳಿಗ್ಗೆ ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿದಾಗ ಹಳೆಯ ಪಾಠವೇ ನಡೆಯುತ್ತದೆ: ಪೆಟ್ರೋಲ್ ವಾಸನೆ, ಕೆಲವೊಮ್ಮೆ ಕಪ್ಪು ಹೊಗೆ. ಹೊಸ ಸೆನ್ಸರ್ ಹಾಕಿದ ಮೇಲೂ ಗಾಡಿ ಸರಿ ಓಡುತ್ತಿಲ್ಲ ಎನ್ನುವವರ ದೂರಿನ ಒಂದು ಕಾರಣ ಇದು. ರೀಸೆಟ್ ಮಾಡಿದರೆ ಕಂಪ್ಯೂಟರ್ ಕಂಪನಿ ಕೊಟ್ಟ ಮೂಲ ಲೆಕ್ಕದಿಂದ ಮತ್ತೆ ಕಲಿಯಲು ಆರಂಭಿಸುತ್ತದೆ.

ರೀಸೆಟ್ ಮಾಡದೆ ಬಿಟ್ಟರೂ, ತೊಂದರೆ ನಿಜವಾಗಿ ಹೋಗಿದ್ದರೆ ಸಾಮಾನ್ಯವಾಗಿ ಸತತ ಮೂರು ಓಟಗಳ ತಪಾಸಣೆಯಲ್ಲಿ ದೋಷ ಕಾಣದೇ ಇದ್ದಾಗ ಲೈಟ್ ತಾನಾಗಿಯೇ ಆರುತ್ತದೆ. ಬರೆದಿಟ್ಟ ಕೋಡ್ ಅಳಿಯಲು ಮಾತ್ರ ಇಂಜಿನ್ ಸುಮಾರು 40 ಸಲ ತಣ್ಣಗಾಗಿ ಬಿಸಿಯಾಗಬೇಕು.

ರೀಸೆಟ್ಟಿಗೆ ಸರಿಯಾದ ದಾರಿ ಬ್ಯಾಟರಿಯಲ್ಲ, ಸ್ಕ್ಯಾನರ್. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಒಬಿಡಿ-2 ಕಡ್ಡಾಯವಾಗಿದೆ. ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ. ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಮೊದಲು ಕೋಡ್‌ಗಳನ್ನು ಬರೆದುಕೊಂಡು ಅಥವಾ ಮೊಬೈಲಿನಲ್ಲಿ ಫೋಟೋ ತೆಗೆದು, ಆಮೇಲೆ ಅಳಿಸಬೇಕು.

ಬ್ಯಾಟರಿ ಬಿಚ್ಚುವುದು ಹಳೆಯ ಕಾರುಗಳ ಕಾಲದ ಉಪಾಯ. ಆಗ ಕಲಿತದ್ದೆಲ್ಲ ಕರೆಂಟ್ ಇರುವವರೆಗೆ ಮಾತ್ರ ಉಳಿಯುವ ಮೆಮೊರಿಯಲ್ಲಿರುತ್ತಿತ್ತು. ಹೊಸ ಕಾರುಗಳಲ್ಲಿ ಬಹಳಷ್ಟು ವಿಷಯ ಕರೆಂಟ್ ಇಲ್ಲದೆಯೂ ಅಳಿಯದ ಮೆಮೊರಿಯಲ್ಲಿರುತ್ತದೆ. ವೈರ್ ಬಿಚ್ಚಿದರೂ ಕೋಡ್ ಹೋಗದೇ ಇರಬಹುದು. (1915ರಲ್ಲಿ ಪತ್ತೆಯಾದ ಮಸ್ಕಿಯ ಅಶೋಕನ ಶಾಸನದ ಹಾಗೆ ಎನ್ನೋಣ, ಅಷ್ಟು ಗಟ್ಟಿಯಲ್ಲದಿದ್ದರೂ!) ಹೋಗುವುದು ಗಡಿಯಾರದ ಸಮಯ, ರೇಡಿಯೋ ಸೆಟ್ಟಿಂಗ್, ಕೆಲವು ಕಾರುಗಳಲ್ಲಿ ಪವರ್ ವಿಂಡೋ ತಾನಾಗಿ ಏರುವ ಸೌಲಭ್ಯ. ಬಿಚ್ಚಲೇಬೇಕಾದರೆ ಇಂಜಿನ್ ಆಫ್ ಮಾಡಿ ಮೊದಲು ನೆಗೆಟಿವ್ ಬಿಚ್ಚಿ. ಮೊದಲು ಪಾಸಿಟಿವ್‌ಗೆ ಪಾನಾ ಹಾಕಿ ಅದು ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚುವುದಂತೂ ಬೇಡವೇ ಬೇಡ, ಆಲ್ಟರ್ನೇಟರಿನ ವೋಲ್ಟೇಜ್ ಹಠಾತ್ ಏರಿ ಕಂಪ್ಯೂಟರೇ ಸುಡಬಹುದು.

ಕೆಲವು ಬಿಡಿಭಾಗಗಳಿಗೆ ಕೋಡ್ ಅಳಿಸುವುದಷ್ಟೇ ಸಾಲದು. ಡೀಸೆಲ್ ಗಾಡಿಗೆ ಹೊಸ ಇಂಜೆಕ್ಟರ್ ಹಾಕಿದರೆ ಹಲವು ಮಾದರಿಗಳಲ್ಲಿ ಅದರ ಮೇಲಿನ ಸಂಖ್ಯೆಯನ್ನು ಕಂಪ್ಯೂಟರಿಗೆ ತುಂಬಬೇಕು. ಥ್ರಾಟಲ್ ಬದಲಿಸಿದರೆ ಅದರ ಶೂನ್ಯ ಜಾಗವನ್ನು ಕಲಿಸಬೇಕು. ಇದಕ್ಕೆ ಗಾಡಿಯ ಕಂಪನಿಗೆ ಹೊಂದುವ ಸ್ಕ್ಯಾನರ್ ಬೇಕು, ಅಗ್ಗದ ಬ್ಲೂಟೂತ್ ಅಡಾಪ್ಟರಿನಿಂದ ಆಗುವುದಿಲ್ಲ.

ರೀಸೆಟ್ ಆದ ಮೇಲೆ ಒಂದೆರಡು ದಿನ ಐಡ್ಲಿಂಗ್ ಸ್ವಲ್ಪ ಏರಿಳಿದರೆ ಹೆದರಬೇಡಿ. ಕಂಪ್ಯೂಟರ್ ಹೊಸದಾಗಿ ಕಲಿಯುತ್ತಿದೆ, ಅದಕ್ಕೆ ಬೇರೆ ಬೇರೆ ಬಗೆಯ ಓಟ ಬೇಕು. ರಾತ್ರಿಯೆಲ್ಲ ತಣ್ಣಗಾದ ಗಾಡಿಯನ್ನು ಸಿಂಧನೂರಿನಲ್ಲಿ ಸ್ಟಾರ್ಟ್ ಮಾಡಿ, ಎಸಿ ಹಾಕದೆ ಎರಡು ಮೂರು ನಿಮಿಷ ನಿಲ್ಲಿಸಿ, ಊರೊಳಗೆ ನಿಧಾನ ಓಡಿಸಿ, ಹೆದ್ದಾರಿಗೆ ಬಂದ ಮೇಲೆ ಒಂದೇ ವೇಗದಲ್ಲಿ ಮಸ್ಕಿವರೆಗೆ ಸಾಗಿ, ಊರು ಬರುವಾಗ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ವೇಗ ಇಳಿಸಿ, ಹೀಗೆ ಲಿಂಗಸುಗೂರಿಗೆ ಹೋಗಿ ಬಂದರೆ ಬಹಳಷ್ಟು ಕಲಿಕೆ ಮುಗಿದಿರುತ್ತದೆ. ಸಂತೆ ಬೀದಿಯಲ್ಲಿ ಹತ್ತು ಸಲ ಸುತ್ತಿದರೆ ಅದು ಆಗುವುದಿಲ್ಲ.

ಹಳದಿ ಲೈಟ್ ಒಂದೇ ಸಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಮಿಣುಕುತ್ತಿದ್ದರೆ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನು ಕರಗಿಸಬಹುದು. ಸೆನ್ಸರಿಗಿಂತ ಎಷ್ಟೋ ಪಟ್ಟು ದುಬಾರಿ ಭಾಗ ಅದು. ಆಗ ಸಾಧ್ಯವಾದಷ್ಟು ಬೇಗ ಬದಿಗೆ ನಿಲ್ಲಿಸಿ.

ಇನ್ನೊಂದು ಮಾತು, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ. ಕೋಡ್ ಅಳಿಸಿದಾಗ ಕಂಪ್ಯೂಟರಿನ ಸ್ವಂತ ತಪಾಸಣೆಗಳ ಪಟ್ಟಿಯೂ ಖಾಲಿಯಾಗಿ "ನಾಟ್ ರೆಡಿ" ಎಂದು ತೋರಿಸುತ್ತದೆ. ಇಗ್ನಿಷನ್ ಆನ್ ಮಾಡಿದಾಗ ಇಂಜಿನ್ ಲೈಟ್ ಒಮ್ಮೆ ಹತ್ತಲೇಬೇಕು, ಹತ್ತದಿದ್ದರೆ ಬಲ್ಬನ್ನೇ ತೆಗೆದಿರಬಹುದು. ಹತ್ತಿ ಆರಿತು, ಕೋಡ್ ಒಂದೂ ಇಲ್ಲ, ಆದರೆ ಸ್ಕ್ಯಾನರಿನಲ್ಲಿ ಮುಕ್ಕಾಲು ಪಾಲು ತಪಾಸಣೆ "ನಾಟ್ ರೆಡಿ" ಎಂದಿದ್ದರೆ, ನೀವು ಬರುವ ಸ್ವಲ್ಪ ಮೊದಲು ಯಾರೋ ನೆನಪು ಅಳಿಸಿರುವ ಸಾಧ್ಯತೆ ಹೆಚ್ಚು. ಮುಂಗಡ ಕೊಡುವ ಮೊದಲು ಲಿಂಗಸುಗೂರಿಗೆ ಒಂದು ಸುತ್ತು ಓಡಿಸಿ ಬಂದು, ಮತ್ತೊಮ್ಮೆ ಸ್ಕ್ಯಾನರ್ ಹಾಕಿಸಿ.