ಆಮೆ ಕಲಿಸಿದ ಪಾಠ

ಐದನೇ ಕ್ಲಾಸಿನಲ್ಲಿ ನಮಗೆ ವಾರಕ್ಕೆ ಒಂದೇ ಕಂಪ್ಯೂಟರ್ ಪೀರಿಯಡ್. ಶೂ ಹೊರಗೆ ಬಿಟ್ಟು, ಒಂದು ಕಂಪ್ಯೂಟರಿಗೆ ಮೂವರಂತೆ ಕೂರಬೇಕಿತ್ತು. ಉಳಿದ ದಿನ ಮೌಸ್‌ಗೆ ಜಗಳ, ‘ಲೋಗೊ’ ಇದ್ದ ದಿನ ಕೀಬೋರ್ಡ್‌ಗೆ ಜಗಳ. ಪರದೆಯ ಮಧ್ಯೆ ಪುಟ್ಟ ತ್ರಿಕೋನವೊಂದು ಕೂತಿರುತ್ತಿತ್ತು. ಅದನ್ನೇ ಆಮೆ ಎಂದು ನಂಬಬೇಕು. ‘ಎಫ್‌ಡಿ 100’ ಎಂದು ಟೈಪ್ ಮಾಡಿದರೆ ಗೆರೆ ಎಳೆಯುತ್ತಾ ನೂರು ಹೆಜ್ಜೆ ಮುಂದೆ ಹೋಗುತ್ತಿತ್ತು, ‘ಆರ್‌ಟಿ 90’ ಎಂದರೆ ಬಲಕ್ಕೆ ತಿರುಗುತ್ತಿತ್ತು. ಇವೆರಡನ್ನೂ ನಾಲ್ಕು ಸಲ ಹೇಳಿದರೆ ಚೌಕ ರೆಡಿ.

ಒಂದು ದಿನ ಮಿಸ್ ತ್ರಿಕೋನ ಬರೆಯಲು ಹೇಳಿದರು. ಮೂರೂ ಬದಿ ಸಮವಿದ್ದರೆ ಕೋನ 60 ಡಿಗ್ರಿ ಎಂಬುದು ನನಗೆ ಗೊತ್ತಿತ್ತು. ಜಂಬದಿಂದ 60 ಒತ್ತಿದೆ. ಪರದೆ ಮೇಲೆ ಬಂದದ್ದು ಬಾಯಿ ತೆರೆದ ಬಟ್ಟಲು! ಮಿಸ್ ಬೈಯಲಿಲ್ಲ. ‘ನೀನೇ ಆಮೆ ಆಗು, ನಡಿ ನೋಡೋಣ’ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದು ನನ್ನನ್ನು ನಡೆಸಿದರು. ಮೂಲೆಗೆ ಬಂದಾಗ ತಿಳಿಯಿತು, ಮುಂದಿನ ಗೆರೆಗೆ ಮುಖ ಮಾಡಲು ಬಹಳ ತಿರುಗಬೇಕು. 180ರಲ್ಲಿ 60 ಕಳೆದು 120. ಕ್ಲಾಸಿಗೆ ಕ್ಲಾಸೇ ನಕ್ಕಿತು, ನಾನೂ ನಕ್ಕೆ.

ಈಗ ಬಿಇ ಓದುತ್ತಿದ್ದೇನೆ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಬ್ಯಾಕ್ ಉಳಿದಿದೆ. ಬ್ಯಾಕ್ ಇದ್ದವರನ್ನು ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಟೆಸ್ಟ್‌ಗೇ ಕೂರಿಸುವುದಿಲ್ಲ. ನನ್ನನ್ನು ಕೆಡವಿದ್ದು ರಿಕರ್ಷನ್, ಅಂದರೆ ತನ್ನನ್ನು ತಾನೇ ಕರೆಯುವ ಫಂಕ್ಷನ್. ಪ್ರೋಗ್ರಾಮ್‌ಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದರು, ಪೆನ್ನು ನಿಂತುಹೋಯಿತು. ಆಮೇಲೆ ಎರರ್ ಕಂಡರೇ ಭಯ. ಗೆಳೆಯರನ್ನು ಕೇಳಲು ನಾಚಿಕೆ.

ಕಳೆದ ವಾರ ಒಂದು ರಾತ್ರಿ ಓದಲು ಕೂತು, ಓದದೆ ಏನೇನೋ ಹುಡುಕುತ್ತಿದ್ದಾಗ ಬ್ರೌಸರ್‌ನಲ್ಲೇ ಓಡುವ ಲೋಗೊ ಸಿಕ್ಕಿತು. ಅದೇ ಆಮೆ! ಚೌಕ ಬರೆದೆ. 10 ಡಿಗ್ರಿ ತಿರುಗಿಸುತ್ತಾ 36 ಚೌಕ ಬರೆಸಿದೆ, ಹೂವರಳಿತು. ಗಡಿಯಾರ ನೋಡಿದರೆ ಹನ್ನೆರಡು.

ಕುತೂಹಲಕ್ಕೆ ಇದರ ಹಿನ್ನೆಲೆಯನ್ನೂ ಓದಿದೆ. ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್ ಮತ್ತು ಅವರ ಜೊತೆಗಾರರು 1967ರಲ್ಲಿ ಅಮೆರಿಕದಲ್ಲಿ ಮಕ್ಕಳಿಗಾಗಿಯೇ ರೂಪಿಸಿದ ಭಾಷೆ ಲೋಗೊ. ಮೊದಮೊದಲು ಆಮೆ ಎಂದರೆ ನೆಲದ ಮೇಲೆ ಓಡಾಡುವ ರೋಬೊ. ಮಗು ತಾನೇ ಆಮೆಯಾಗಿ ಯೋಚಿಸಬೇಕು, ತಪ್ಪನ್ನು ಹುಡುಕಿ ಸರಿಪಡಿಸುತ್ತಲೇ ಕಲಿಯಬೇಕು ಎಂಬುದು ಪ್ಯಾಪರ್ಟ್ ವಾದ. 1980ರಲ್ಲಿ ಬಂದ ಅವರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕ ಹೇಳುವುದೂ ಇದನ್ನೇ. ನಮ್ಮ ಮಿಸ್ ಅದನ್ನು ಓದಿದ್ದರೋ ಇಲ್ಲವೋ, ಮಾಡಿಸಿದ್ದು ಮಾತ್ರ ಅದನ್ನೇ.

ಹೂವಾದ ಮೇಲೆ ಮರ ಬರೆಯುವ ಆಸೆ ಹುಟ್ಟಿತು. ಒಂದು ಗೆರೆ ಎಳೆ, ಎಡಕ್ಕೆ ತಿರುಗಿ ಅರ್ಧ ಅಳತೆಯ ಮರ ಬರೆ, ಬಲಕ್ಕೆ ತಿರುಗಿ ಅಂಥದ್ದೇ ಇನ್ನೊಂದು ಮರ ಬರೆ, ಬಂದ ದಾರಿಯಲ್ಲಿ ವಾಪಸ್ ಬಾ. ಮರದೊಳಗೆ ಮರ. ಅರೆ, ಇದೇ ಅಲ್ಲವೇ ರಿಕರ್ಷನ್! ಆದರೆ ಆಮೆ ಒಂದು ಮೂಲೆಗೆ ಹೋಗಿ ಅಲ್ಲೇ ಸಿಕ್ಕಿಬಿತ್ತು. ಎಲ್ಲಿ ನಿಲ್ಲಬೇಕೆಂದು ನಾನು ಹೇಳಿರಲಿಲ್ಲ. ‘ಅಳತೆ 5ಕ್ಕಿಂತ ಕಡಿಮೆಯಾದರೆ ನಿಲ್ಲು’ ಎಂದು ಸೇರಿಸಿದೆ. ಈಗ ಆಮೆ ನಿಂತಿತು, ಆದರೆ ಕೊಂಬೆಗಳೆಲ್ಲ ಚೆಲ್ಲಾಪಿಲ್ಲಿ.

ಎದ್ದು ನಿಂತೆ. ರೂಮಿನಲ್ಲಿ ನಾನೇ ಆಮೆಯಾಗಿ ನಡೆದೆ. ಮುಂದೆ, ಎಡಕ್ಕೆ, ಬಲಕ್ಕೆ... ತಪ್ಪು ಸಿಕ್ಕಿತು. ವಾಪಸ್ ಬರುವ ಮೊದಲು ಮುಖವನ್ನು ಹಳೆಯ ದಿಕ್ಕಿಗೆ ತಿರುಗಿಸಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ. ‘ಏನೋ ಇದು, ಸರಿರಾತ್ರೀಲಿ ಹಿಂದೆ ಮುಂದೆ ಓಡಾಡ್ತಾ ಇದೀಯ?’

‘ಓದ್ತಾ ಇದೀನಮ್ಮ’ ಎಂದೆ. ಬಹಳ ದಿನಗಳ ಮೇಲೆ ಆ ಮಾತು ನಿಜವಾಗಿತ್ತು.

ಗೆಳೆಯರೇ, ನೀವು ಕಲಿಯುತ್ತಿರುವ ಪೈಥಾನ್‌ನಲ್ಲೂ ‘ಟರ್ಟಲ್’ ಎಂಬ ಮಾಡ್ಯೂಲ್ ಇದೆ. ಹತ್ತು ನಿಮಿಷ ಆಡಿ ನೋಡಿ. ಮುಂದಿನ ತಿಂಗಳು ನನ್ನ ಪರೀಕ್ಷೆ. ಪಾಸಾಗುತ್ತೇನೋ ಗೊತ್ತಿಲ್ಲ. ಈ ಸಲ ಮಾತ್ರ ಬಾಯಿಪಾಠ ಮಾಡಿಕೊಂಡು ಹೋಗುವುದಿಲ್ಲ.